ಹದಿನಾಲ್ಕನೇ ನಂಬರಿನ ರಬ್ಬರ್ ತೋಳು

ಗಾಳಿ ಸೋಕಿತು, ಮೈಮೇಲೆ ಬಂತು, ಸತ್ತವರು ಹೆಸರು ಹಿಡಿದು ಕರೆದರು ಎಂದು ಯಾರಾದರೂ ಶುರು ಮಾಡಿದರೆ ಎದ್ದು ಹೋಗಿ ಹಸುಗಳಿಗೆ ಹುಲ್ಲು ಹಾಕುವ ಪೈಕಿ ನಾನು. ತವರಿನಲ್ಲಿ ನಮ್ಮಮ್ಮ, ಮಗು ಎರಡು ಸಲ ಸೀನಿದರೆ ಸಾಕು, ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕುವವಳು. ‘ಆ ಘಾಟಿಗೆ ಇನ್ನೂ ನಾಲ್ಕು ಸಲ ಸೀನುತ್ತೆ, ಬಿಡಮ್ಮಾ’ ಎಂದು ಅವಳನ್ನು ಕಿಚಾಯಿಸುತ್ತಲೇ ದೊಡ್ಡವಳಾದೆ. ಆಮೇಲೆ ಕಾರ್ಖಾನೆ ಸೇರಿದ ಮೇಲಂತೂ ಕೇಳುವುದೇ ಬೇಡ. ಕಣ್ಣಿಗೆ ಕಂಡದ್ದು, ಕೈಗೆ ಸಿಕ್ಕಿದ್ದು, ಮೀಟರು ತೋರಿಸಿದ್ದು, ಈ ಮೂರನ್ನು ಬಿಟ್ಟು ನಾಲ್ಕನೆಯದನ್ನು ನಾನು ಲೆಕ್ಕಕ್ಕೇ ಇಟ್ಟವಳಲ್ಲ.

ಆದ್ದರಿಂದ ಈಗ ಹೇಳಹೊರಟಿರುವುದನ್ನು ಹೇಳಲು ನನಗೆ ನಾಚಿಕೆಯೇ ಆಗುತ್ತದೆ. ನಮ್ಮ ಯಜಮಾನರಿಗೆ ಇದರಲ್ಲಿ ಅರ್ಧ ಗೊತ್ತು. ತಮ್ಮನಿಗೆ ಗೊತ್ತಿರುವುದು ನಾನು ಹೇಳಿದ ಸುಳ್ಳು. ಪೂರ್ತಿ ಗೊತ್ತಿರುವುದು ನನಗೊಬ್ಬಳಿಗೆ, ಅದೂ ಅರ್ಥವಾಗಿ ಅಲ್ಲ.

ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ರಬ್ಬರ್ ಕಾರ್ಖಾನೆಯಲ್ಲಿ ಕೆಲವು ವರ್ಷ ಕೆಲಸ ಮಾಡಿದೆ. ನನ್ನ ಮನೆ ವಕ್ಕಲೇರಿ. ಬೆಳಿಗ್ಗೆ ಹಾಲು ಕರೆದು ಡೈರಿಗೆ ಹಾಕಿ ಕಾರ್ಖಾನೆಯ ಬಸ್ಸು ಹಿಡಿಯುತ್ತಿದ್ದೆ. ಕರೆಂಟಿನ ಕೆಲಸದವರು ಕಂಬ ಹತ್ತುವಾಗ ಹಾಕಿಕೊಳ್ಳುವ ರಬ್ಬರ್ ಗ್ಲೌಸು, ರಬ್ಬರ್ ತೋಳು ಅಲ್ಲಿ ತಯಾರಾಗುತ್ತಿದ್ದವು. ಗ್ಲೌಸು ಎಲ್ಲರೂ ನೋಡಿರುತ್ತೀರಿ. ತೋಳು ಎಂದರೆ ಮಣಿಕಟ್ಟಿನಿಂದ ಭುಜದವರೆಗೆ ಬರುವ ದಪ್ಪ ರಬ್ಬರಿನ ಕವಚ, ಅಂಗಿಯ ತೋಳನ್ನಷ್ಟೇ ಬಿಚ್ಚಿ ಇಟ್ಟ ಹಾಗೆ ಕಾಣುತ್ತದೆ. ಎಡದ್ದು ಬಲದ್ದು ಎರಡನ್ನೂ ಬೆನ್ನ ಮೇಲೆ ಪಟ್ಟಿಯಿಂದ ಸೇರಿಸಿ ಕಟ್ಟಿಕೊಳ್ಳುತ್ತಾರೆ. ಗ್ಲೌಸು ಹಾಕಿದವನು ಒಂದು ತಂತಿಗೆ ಕೈ ಚಾಚಿದಾಗ ಪಕ್ಕದ ತಂತಿ ಮೊಣಕೈಗೋ ರಟ್ಟೆಗೋ ತಾಗಬಹುದಲ್ಲ, ಅದಕ್ಕಾಗಿ ಇದು.

ನನ್ನ ಕೆಲಸ ತಪಾಸಣೆ. ಅದಕ್ಕೆ ನಾವು ‘ಸುರುಳಿ ನೋಡೋದು’ ಅನ್ನುತ್ತಿದ್ದೆವು. ತೋಳನ್ನು ಮೇಜಿನ ಮೇಲಿಟ್ಟು ಎರಡೂ ಕೈಯಿಂದ ಬಟ್ಟೆ ಹಿಂಡುವವರ ಹಾಗೆ ಹಿಡಿದು, ಸ್ವಲ್ಪ ಸ್ವಲ್ಪವೇ ಸುರುಳಿ ಸುತ್ತಿ ಹಿಗ್ಗಿಸುತ್ತಾ ಮಣಿಕಟ್ಟಿನಿಂದ ಭುಜದವರೆಗೆ ಹೋಗಬೇಕು. ಹಿಗ್ಗಿದಾಗ ಕೂದಲೆಳೆಯಷ್ಟು ಬಿರುಕಿದ್ದರೂ ಬಾಯಿ ಬಿಡುತ್ತದೆ. ಆಮೇಲೆ ಒಳಗೆ ಕೈ ತೂರಿಸಿ, ಒಳಮೈಯನ್ನು ಹೊರಗೆ ತಿರುಗಿಸಿ ಮತ್ತೆ ಅದೇ ಕೆಲಸ. ಕೈಯಲ್ಲಿ ಬಳೆ ಇರಕೂಡದು, ಉಂಗುರ ಇರಕೂಡದು. ಗಾಜಿನ ಬಳೆಗಳನ್ನೆಲ್ಲ ಗೇಟಿನಲ್ಲಿ ಬಿಚ್ಚಿ ಕರ್ಚೀಫಿನಲ್ಲಿ ಕಟ್ಟಿಟ್ಟು ಒಳಗೆ ಹೋಗುತ್ತಿದ್ದೆವು. ತಲೆಗೆ ಎಣ್ಣೆ ಹಚ್ಚಿದ ಕೈಯನ್ನು ಸೋಪಿನಲ್ಲಿ ತೊಳೆಯದೆ ಮೇಜು ಮುಟ್ಟುವಂತಿರಲಿಲ್ಲ, ಎಣ್ಣೆ ಎಂದರೆ ರಬ್ಬರಿಗೆ ಆಗದು. ನಮ್ಮ ಸೀಮೆಯ ಮಾವಿನ ಸೊನೆ ಅದಕ್ಕಿಂತ ಕೆಟ್ಟದ್ದು. ಸೊನೆ ತಾಗಿದ ಜಾಗದಲ್ಲಿ ರಬ್ಬರು ಉಬ್ಬಿ ಮೆತ್ತಗಾಗುತ್ತದೆ. ಮಾವಿನ ಕಾಲದಲ್ಲಿ ಕ್ಯಾಂಟೀನಿನಿಂದ ಬರುವವರ ಕೈಯನ್ನು ಸೂಪರ್‌ವೈಸರ್ ಮೂಸಿ ನೋಡುತ್ತಿದ್ದರು.

ಕೈಯಲ್ಲಿ ಪಾಸಾದ ತೋಳು ನೀರಿನ ತೊಟ್ಟಿಗೆ ಹೋಗುತ್ತಿತ್ತು. ಒಳಗೂ ಹೊರಗೂ ನೀರು ಬಿಟ್ಟು ಕರೆಂಟು ಕೊಟ್ಟರೆ, ಸೂಜಿಮೊನೆಯಷ್ಟು ತೂತಿದ್ದರೂ ಗಂಟೆ ಹೊಡೆದುಕೊಳ್ಳುತ್ತದೆ. ಎರಡರಲ್ಲೂ ಗೆದ್ದ ತೋಳಿಗೆ ನಾವು ಭುಜದ ಹತ್ತಿರ ನಮ್ಮ ನಮ್ಮ ನಂಬರಿನ ಮುದ್ರೆ ಒತ್ತಬೇಕು. ನನ್ನದು ಹದಿನಾಲ್ಕು. ಸೋತ ತೋಳನ್ನು ಮಾತ್ರ ಹಾಗೇ ಎಸೆಯುವಂತಿರಲಿಲ್ಲ. ಭುಜದಿಂದ ಮೊಣಕೈವರೆಗೆ ಕತ್ತರಿ ಹಾಕಿ ಸೀಳಲೇಬೇಕು. ಯಾರೋ ಕದ್ದು ಮಾರಿ, ಇನ್ಯಾರೋ ಅದನ್ನು ನಂಬಿ ತೊಟ್ಟು, ಕಂಬ ಹತ್ತಿಬಿಟ್ಟರೆ? ಹೊಸದಾಗಿ ಸೇರಿದವರಿಗೆ ಮೊದಲು ಕಲಿಸುತ್ತಿದ್ದದ್ದೇ ಈ ಕತ್ತರಿ ಹಾಕುವುದನ್ನು.

ಈ ಕೆಲಸದ ಬಗ್ಗೆ ನನಗೆ ಹೆಮ್ಮೆಯಿತ್ತು, ಮುಚ್ಚಿಡುವುದೇಕೆ. ನನ್ನ ಒಬ್ಬನೇ ತಮ್ಮ ಮಂಜು ಶ್ರೀನಿವಾಸಪುರದ ಕಡೆ ಲೈನ್‌ಮ್ಯಾನ್. ನನಗಿಂತ ಒಂಬತ್ತು ವರ್ಷ ಚಿಕ್ಕವನು, ಕಂಕುಳಲ್ಲಿ ಎತ್ತಿಕೊಂಡು ಬೆಳೆಸಿದ್ದೇನೆ. ಅವನ ಆಫೀಸಿನಲ್ಲಿ ಗ್ಲೌಸು ಇತ್ತು, ತೋಳು ಇರಲಿಲ್ಲ. ಹಬ್ಬಕ್ಕೆ ಸಿಕ್ಕಿದಾಗಲೆಲ್ಲ ‘ನಿಮ್ಮ ಆಫೀಸಿಗೆ ತೋಳು ಬಂತೇನೋ? ಬರೆದು ಕೇಳ್ರೋ’ ಎಂದು ಅವನ ತಲೆ ತಿನ್ನುತ್ತಿದ್ದೆ. ಪ್ರತಿ ತೋಳನ್ನೂ ಇದನ್ನು ನಮ್ಮ ಮಂಜುವೇ ತೊಡುತ್ತಾನೆ ಎಂದುಕೊಂಡೇ ನೋಡುತ್ತಿದ್ದೆ.

ಅದು ಜನವರಿ ತಿಂಗಳು. ಬೆಳಿಗ್ಗೆ ಹನ್ನೊಂದರ ಸುಮಾರು. ಆ ಚಳಿಯಲ್ಲಿ ರಬ್ಬರು ಕಲ್ಲಿನಷ್ಟು ತಣ್ಣಗಿರುತ್ತದೆ, ಬೆರಳು ಮರಗಟ್ಟುತ್ತವೆ. ಒಂದು ಜೊತೆಯಲ್ಲಿ ಎಡಗೈಯದನ್ನು ನೋಡಿ ಮುಗಿಸಿ, ಬಲಗೈಯದನ್ನು ತೆಗೆದುಕೊಂಡು ಸುರುಳಿ ನೋಡಿದೆ. ಏನೂ ತೊಂದರೆ ಇಲ್ಲ. ಒಳಮೈ ತಿರುಗಿಸಲು ಕೈ ತೂರಿಸಿದವಳು ಹಾಗೇ ನಿಂತುಬಿಟ್ಟೆ. ಒಳಗೆ ಬೆಚ್ಚಗಿತ್ತು. ಬಿಸಿಯಲ್ಲ, ಬೆಚ್ಚಗೆ. ಮಲಗಿದ್ದ ಮಗುವನ್ನು ಎತ್ತಿದ ಮೇಲೆ ಹಾಸಿಗೆ ಇರುತ್ತದಲ್ಲ, ಹಾಗೆ. ಯಾರೋ ಈಗ ತಾನೇ ತಮ್ಮ ಕೈಯನ್ನು ಅದರೊಳಗಿಂದ ಎಳೆದುಕೊಂಡಿದ್ದರು.

ರಬ್ಬರು ಬೇಯಿಸುವ ಒಲೆಯ ಹತ್ತಿರ ಇಟ್ಟಿರಬಹುದೆಂದು ವಿಚಾರಿಸಿದೆ. ನಿನ್ನೆಯಿಂದ ಕಬ್ಬಿಣದ ರ್‍ಯಾಕಿನಲ್ಲೇ ಇತ್ತಂತೆ. ಪಕ್ಕಕ್ಕಿಟ್ಟು ಬೇರೆ ನಾಲ್ಕು ಜೊತೆ ನೋಡಿದೆ, ಟೀ ಕುಡಿದು ಬಂದೆ, ಮತ್ತೆ ಕೈ ತೂರಿಸಿದೆ. ಆರಿರಲಿಲ್ಲ. ಪಕ್ಕದ ಮೇಜಿನ ರತ್ನಳಿಗೆ ಕೊಟ್ಟೆ. ಅವಳು ಕೈ ಹಾಕಿ ‘ತಣ್ಣಗೆ ಕೊರೀತೈತಲ್ಲೇ! ನಿಂಗೇನ್ ಜ್ವರಾನಾ?’ ಎಂದು ನನ್ನ ಹಣೆ ಮುಟ್ಟಿ ನೋಡಿದಳು.

ಮುದ್ರೆ ಒತ್ತಲು ನನಗೆ ಮನಸ್ಸಾಗಲಿಲ್ಲ. ಸೂಪರ್‌ವೈಸರ್ ಬಂದರು. ಒಳ್ಳೆಯವರೇ, ಆದರೆ ಹೊರಗೆ ಲಾರಿ ನಿಂತಿತ್ತು. ತೋಳನ್ನು ತೊಟ್ಟಿಗೆ ಹಾಕಿಸಿದರು. ಪಾಸು. ನನ್ನ ಮುಖ ನೋಡಿ ಮತ್ತೊಂದು ಸಲ ಹಾಕಿಸಿದರು. ಪಾಸು. ಮೂರನೆಯ ಸಲ ನಾನೇ ಮೀಟರಿನ ಮುಂದೆ ನಿಂತೆ. ಮುಳ್ಳು ಎಲ್ಲಿರಬೇಕೋ ಅಲ್ಲೇ ಇತ್ತು.

‘ಏನಮ್ಮಾ, ರಿಜೆಕ್ಟ್ ಮಾಡೋದಾದ್ರೆ ಮಾಡು, ನಾನ್ಯಾಕ್ ಬೇಡ ಅನ್ಲಿ. ಕಾರಣ ಬರಿ’ ಎಂದು ಫಾರಂ ಮುಂದಿಟ್ಟರು. ತೂತು, ಬಿರುಕು, ಕಸ ಸೇರಿದ್ದು, ದಪ್ಪ ಕಡಿಮೆ ಎಂದು ನಾಲ್ಕು ಮನೆಗಳಿದ್ದವು. ಯಾವುದರಲ್ಲಿ ಬರೆಯಲಿ? ‘ಬೆಚ್ಚಗಿದೆ ಅಂತ ಬರೀಲಾ ಸಾರ್?’ ಎಂದೆ. ಸುತ್ತ ಇದ್ದವರೆಲ್ಲ ನಕ್ಕರು, ನಾನೂ ನಕ್ಕೆ. ನಕ್ಕು, ಭುಜದ ಹತ್ತಿರ ಹದಿನಾಲ್ಕು ಒತ್ತಿ, ಪೆಟ್ಟಿಗೆಗೆ ಬಿಟ್ಟೆ. ತೋಳಿನ ಸರಣಿ ಸಂಖ್ಯೆಯ ಕೊನೆಯಲ್ಲಿ ಮುನ್ನೂರ ಹದಿನೇಳು ಎಂದಿತ್ತು.

ಅಂದಿನಿಂದ ನನ್ನ ನೆಮ್ಮದಿ ಹೋಯಿತು. ಆ ತೋಳು ಎಲ್ಲಿಗೆ ಹೋಯಿತೋ, ಯಾರು ತೊಟ್ಟರೋ ಎಂಬ ಯೋಚನೆ ಬಸ್ಸಿನಲ್ಲಿ ಕುಳಿತಾಗ, ಹಾಲು ಕರೆಯುವಾಗ, ಸಾರಿಗೆ ಉಪ್ಪು ಹಾಕುವಾಗ ಬಂದು ಕೂರುತ್ತಿತ್ತು. ಎರಡೆರಡು ಸಲ ಉಪ್ಪು ಹಾಕಿದ ಸಾರನ್ನು ಯಜಮಾನರು ಪಾಪ ಉಂಡರು. ಎಲ್ಲಕ್ಕಿಂತ ವಿಚಿತ್ರವೆಂದರೆ ನನ್ನ ಕೈಗಳು ಸುಮ್ಮನಿರಲು ಒಲ್ಲವು. ಟವೆಲು, ಮಗಳ ಕಾಲುಚೀಲ, ಚಪಾತಿ ಹಿಟ್ಟು, ಕೈಗೆ ಸಿಕ್ಕಿದ್ದನ್ನೆಲ್ಲ ಸುರುಳಿ ಸುತ್ತಿ ಹಿಗ್ಗಿಸಿ ನೋಡುತ್ತಿದ್ದವು. ‘ಅಮ್ಮಾ, ಅದು ಕಾಲುಚೀಲ, ಕರೆಂಟ್ ಹೊಡಿಯಲ್ಲ’ ಎಂದು ಮಗಳು ನಗುತ್ತಿದ್ದಳು.

ಜೂನ್ ಬಂತು. ಮಾವಿನ ಕಾಲ. ಗೌನಿಪಲ್ಲಿಯ ಹತ್ತಿರದ ತವರಿಗೆ ಎರಡು ದಿನದ ಮಟ್ಟಿಗೆ ಹೋಗಿದ್ದೆ. ಎರಡನೆಯ ದಿನ ಬೆಳಿಗ್ಗೆ ಮಂಜು ಕೆಲಸಕ್ಕೆ ಹೊರಡುವವನು ಸ್ನಾನಕ್ಕೆ ಹೋಗುತ್ತಾ ‘ಅಕ್ಕಾ, ನಮ್ಮ ಆಫೀಸಿಗೂ ತೋಳು ಬಂತು ಕಣೇ. ಗಾಡೀಲೈತೆ, ನೋಡ್ಕೋ ಹೋಗು. ನಿನ್ ಕಾಟ ತಪ್ತು’ ಎಂದ. ನನಗೆ ಎಷ್ಟು ಸಂತೋಷವಾಯಿತೆಂದರೆ ಒಲೆಯ ಮೇಲಿನ ಪಾತ್ರೆಯನ್ನು ಅಮ್ಮನಿಗೆ ಬಿಟ್ಟು ಅಂಗಳಕ್ಕೆ ಓಡಿದೆ.

ಬೈಕಿನ ಹ್ಯಾಂಡಲಿಗೆ ಕ್ಯಾನ್ವಾಸ್ ಚೀಲ ತೂಗುಹಾಕಿತ್ತು. ಬಿಚ್ಚಿ ನೋಡಿದರೆ ತೋಳುಗಳ ಮೇಲೆ ಒಂದು ರಾಶಿ ಮಾವಿನಕಾಯಿ! ನಮ್ಮ ಕಡೆ ಇದು ಮಾಮೂಲು. ತೋಟದ ಮೋಟರಿಗೆ ಕರೆಂಟು ಬರುವ ಹಾಗೆ ಮಾಡಿಕೊಟ್ಟರೆ, ತೋಟದವರು ಲೈನ್‌ಮ್ಯಾನನ್ನು ಬರಿಗೈಯಲ್ಲಿ ಕಳಿಸುವುದಿಲ್ಲ. ಹಾಕಿಕೊಳ್ಳಲು ಬೇರೆ ಚೀಲವಿಲ್ಲದೆ ಇವನು ಇದರಲ್ಲೇ ತುಂಬಿಕೊಂಡಿದ್ದ. ಅವನನ್ನು ಬೈಯುತ್ತಾ ಕಾಯಿಗಳನ್ನೆಲ್ಲ ತೆಗೆದು ತೋಳುಗಳನ್ನು ಹೊರಗೆಳೆದೆ. ಎಡಗೈಯದರ ಮಣಿಕಟ್ಟಿನ ಹತ್ತಿರ ಸೊನೆ ಸುರಿದು ಅಂಟಂಟಾಗಿತ್ತು. ಬಲಗೈಯದಕ್ಕೆ ಒಂದು ಹನಿಯೂ ತಾಗಿರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ.

ಭುಜದ ಹತ್ತಿರ ತಿರುಗಿಸಿ ನೋಡಿದೆ. ಹದಿನಾಲ್ಕು. ಅದರ ಕೆಳಗಿನ ಸಂಖ್ಯೆಯನ್ನು ಸೆರಗಿನಿಂದ ಒರೆಸಿ ಓದಿದೆ. ಮುನ್ನೂರ ಹದಿನೇಳು. ಇಷ್ಟೇ ಆಗಿದ್ದರೆ ಆಶ್ಚರ್ಯವೇನಿಲ್ಲ. ಇಂಥ ಮಾಲು ತಯಾರಿಸುವ ಕಾರ್ಖಾನೆಗಳು ನಮ್ಮ ಕಡೆ ಎಷ್ಟಿವೆ, ನಮ್ಮದು ನಮ್ಮ ಜಿಲ್ಲೆಗೇ ಬಂದೀತು. ಅಂಗಳದ ಮಧ್ಯೆ ನಿಂತು ಎಡಗೈಯದರೊಳಗೆ ಕೈ ಹಾಕಿದೆ, ತಣ್ಣಗಿತ್ತು. ಬಲಗೈಯದರೊಳಗೆ ಹಾಕಿದೆ.

ಬೆಚ್ಚಗಿತ್ತು. ಜನವರಿಯಲ್ಲಿ ಎಷ್ಟು ಬೆಚ್ಚಗಿತ್ತೋ ಅಷ್ಟೇ.

ಬಿಸಿಲಿಗೆ ಕಾದಿತ್ತು ಎನ್ನಬೇಡಿ. ಇನ್ನೂ ಏಳು ಗಂಟೆ, ಆಕಾಶ ಮೋಡ ಮುಚ್ಚಿತ್ತು, ಎರಡೂ ಒಂದೇ ಚೀಲದಲ್ಲಿದ್ದವು. ಬಚ್ಚಲಿನಿಂದ ಮಂಜು ನೀರು ಹುಯ್ದುಕೊಳ್ಳುವ ಸದ್ದು ಕೇಳಿಸುತ್ತಿತ್ತು. ಇವನ ಬಲಗೈ ಇನ್ನೊಂದು ಗಂಟೆಯಲ್ಲಿ ಇದರೊಳಗಿರುತ್ತದೆ ಎಂಬ ಒಂದೇ ಯೋಚನೆ ನನಗೆ. ಒಳಗೆ ಹೋಗಿ ಅಮ್ಮನ ಹೊಲಿಗೆ ಪೆಟ್ಟಿಗೆಯಿಂದ ದೊಡ್ಡ ಕತ್ತರಿ ತಂದೆ. ಭುಜದಿಂದ ಮೊಣಕೈವರೆಗೆ, ಕಾರ್ಖಾನೆಯಲ್ಲಿ ಕಲಿತ ಹಾಗೇ, ಬಲಗೈಯದನ್ನು ಸೀಳಿದೆ. ಐದು ತಿಂಗಳಿಂದ ಬಾಕಿ ಉಳಿದಿದ್ದ ಕೆಲಸ ಮಾಡಿದ ಹಾಗಿತ್ತು. ಆಮೇಲೆ, ಇದಕ್ಕೆ ಕಾರಣ ಏನು ಹೇಳುವುದು ಎಂದು ಹೊಳೆದು, ಸೊನೆ ತಾಗಿದ್ದ ಎಡಗೈಯದನ್ನೂ ಸೀಳಿದೆ.

ಮಂಜು ಟವೆಲು ಸುತ್ತಿಕೊಂಡು ಹೊರಗೆ ಬಂದವನು ಸೀಳಿದ ತೋಳುಗಳನ್ನು ನೋಡಿ ಕೂಗಿಕೊಂಡ. ‘ಅಕ್ಕಾ! ಏನ್ ಮಾಡ್ಬಿಟ್ಟೆ? ಇಡೀ ಸೆಕ್ಷನ್ನಿಗೆ ಇರೋದು ಇದೊಂದೇ ಜೊತೆ ಕಣೇ! ಸಾಹೇಬರಿಗೆ ಏನಂತ ಹೇಳ್ಲಿ?’

‘ಮಾವಿನಕಾಯಿ ತುಂಬ್ಕೊಂಡು ಬಂದಿದೀಯಲ್ಲೋ ಇದ್ರಲ್ಲಿ! ಸೊನೆ ಬಿದ್ದೈತೆ. ಸೊನೆ ಬಿದ್ದ ರಬ್ಬರು ಕರೆಂಟ್ ತಡೆಯಲ್ಲ ಅಂತ ಎಷ್ಟ್ ಸಲ ಹೇಳಿದೀನಿ ನಿಂಗೆ’ ಎಂದು ಜೋರು ಮಾಡಿದೆ. ತಪ್ಪು ಅವನದೂ ಇತ್ತಲ್ಲ. ಉಪ್ಪಿಟ್ಟು ಮುಟ್ಟದೆ, ನನ್ನ ಕಡೆ ತಿರುಗಿಯೂ ನೋಡದೆ, ಸೀಳಿದ ಎಡದ ತೋಳನ್ನು ಸಾಕ್ಷಿಗೆಂದು ತೆಗೆದುಕೊಂಡು ಹೊರಟುಹೋದ. ಸೊನೆ ತಾಗದ ಬಲದ್ದನ್ನು ನಾನು ಸೆರಗಿನಲ್ಲಿ ಮುಚ್ಚಿಕೊಂಡಿದ್ದೆ.

ಆಮೇಲೆ ನಡೆದದ್ದನ್ನು ಮಂಜು ಹೇಳಿದಂತೆ ಬರೆಯುತ್ತೇನೆ. ಅಂದು ಮಾವಿನ ಮಂಡಿಯೊಂದರ ಹತ್ತಿರ ಹನ್ನೊಂದು ಸಾವಿರ ವೋಲ್ಟಿನ ಲೈನಿನಲ್ಲಿ ತಂತಿಯನ್ನು ಹಿಡಿದಿಡುವ, ಒಡೆದುಹೋದ ಪಿಂಗಾಣಿ ಇನ್ಸುಲೇಟರ್ ಬದಲಾಯಿಸಬೇಕಿತ್ತು. ಹತ್ತಬೇಕಾಗಿದ್ದವನು ಮಂಜು. ಆದರೆ ತೋಳು ಹಾಳು ಮಾಡಿಕೊಂಡು ಬಂದನೆಂದು ಸಾಹೇಬರು ಕೆಂಡವಾಗಿ, ವಿವರಣೆ ಬರೆದುಕೊಟ್ಟ ಹೊರತು ಎದ್ದೇಳಬೇಡ ಎಂದು ಅವನನ್ನು ಆಫೀಸಿನಲ್ಲೇ ಕೂರಿಸಿದರು. ಅವನ ಬದಲು ಮುನಿರಾಜು ಹೋದ. ಮಂಜುವಿನ ಜೊತೆಗೇ ಕೆಲಸಕ್ಕೆ ಸೇರಿದವನು, ನಮ್ಮ ಮನೆಗೆ ಬಂದರೆ ನೇರ ಅಡುಗೆಮನೆಗೇ ಬಂದು ಪಾತ್ರೆಯ ಮುಚ್ಚಳ ತೆಗೆದು ನೋಡುವಷ್ಟು ಸಲಿಗೆಯವನು. ಸಬ್‌ಸ್ಟೇಷನ್ನಿಗೆ ಹೇಳಿ ಲೈನು ಆಫ್ ಮಾಡಿಸಿ, ಖಾತ್ರಿ ಮಾಡಿಕೊಂಡೇ ಹತ್ತಿದ್ದಾನೆ. ಕರೆಂಟು ಹೋಯಿತೆಂದು ಮಂಡಿಯಲ್ಲಿ ಯಾರೋ ಜನರೇಟರ್ ಹಾಕಿದ್ದಾರೆ. ಅದರ ಕರೆಂಟು ಮಂಡಿಯೊಳಗೇ ನಿಲ್ಲದೆ ಟ್ರಾನ್ಸ್‌ಫಾರ್ಮರ್ ಮೂಲಕ ಹಿಂದಕ್ಕೆ ಹರಿದು ಸತ್ತ ಲೈನಿಗೆ ಜೀವ ಕೊಟ್ಟಿದೆ. ತಂತಿಯನ್ನು ನೆಲಕ್ಕೆ ಅರ್ತ್ ಮಾಡಿದ್ದೆವು ಎಂದು ಒಬ್ಬರು, ಅವಸರದಲ್ಲಿ ಮಾಡಿರಲಿಲ್ಲ ಎಂದು ಇನ್ನೊಬ್ಬರು. ಗ್ಲೌಸು ಹಾಕಿದ ಕೈಗೆ ಏನೂ ಆಗಲಿಲ್ಲ. ಪಕ್ಕದ ತಂತಿ ತಾಗಿದ್ದು ಬಲಗೈಯ ರಟ್ಟೆಗೆ. ಆಗ ಹನ್ನೊಂದು ಗಂಟೆ.

ಜೀವ ಉಳಿಯಿತು. ಬಲಗೈಯನ್ನು ಭುಜದವರೆಗೆ ತೆಗೆದರು.

ಸಂಜೆ ಮಂಜು ಮನೆಗೆ ಬಂದು ಚಪ್ಪಲಿಯನ್ನೂ ಬಿಡದೆ ನನ್ನ ಕಾಲು ಹಿಡಿದುಕೊಂಡು ಅತ್ತ. ಅಮ್ಮ ನನ್ನ ತಲೆ ನೇವರಿಸಿ ‘ನೀ ಕಡುಪು ಚಲ್ಲಗುಂಡ’ ಎಂದಳು. ನಿನ್ನ ಹೊಟ್ಟೆ ತಣ್ಣಗಿರಲಿ ಎಂದು. ಸಂಕಟವಾಗಲಿ ಸಂತೋಷವಾಗಲಿ, ಅಮ್ಮನ ಬಾಯಲ್ಲಿ ತೆಲುಗೇ ಬರುವುದು. ಊರಿನಲ್ಲೆಲ್ಲ ಅದೇ ಮಾತಾಯಿತು, ಅಕ್ಕ ಇರಬೇಕು ಇಂಥವಳು, ತಮ್ಮನ್ನ ಉಳಿಸಿಕೊಂಡಳು ಎಂದು. ನನಗೆ ಆ ಮಾತು ಕಿವಿಗೆ ಬಿದ್ದಾಗಲೆಲ್ಲ ಎದ್ದು ಓಡಿಹೋಗಬೇಕು ಅನ್ನಿಸುತ್ತಿತ್ತು.

ಯಾಕೆಂದರೆ ಆ ಬಲದ ತೋಳಿನ ವಿಷಯ ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಅದಕ್ಕೆ ಸೊನೆ ತಾಗಿರಲಿಲ್ಲ. ಮೂರು ಸಲ ನೀರಿನ ತೊಟ್ಟಿಗೆ ಇಳಿದು ಮೂರು ಸಲವೂ ಗೆದ್ದಿತ್ತು, ಮೂರನೆಯದನ್ನು ನಾನೇ ನೋಡಿದ್ದೆ. ನಾನು ಸೀಳದೆ ಇದ್ದಿದ್ದರೆ ಮಂಜು ಅದನ್ನು ತೊಟ್ಟು ಹತ್ತುತ್ತಿದ್ದ, ತಂತಿ ತೋಳಿಗೆ ತಾಗುತ್ತಿತ್ತು, ಬಹುಶಃ ಇಬ್ಬರಲ್ಲಿ ಯಾರಿಗೂ ಏನೂ ಆಗುತ್ತಿರಲಿಲ್ಲ. ಅಥವಾ ಆ ತೋಳಿನಲ್ಲಿ ನಮ್ಮ ಕೈಗೂ ಮೀಟರಿಗೂ ಸಿಗದ ಏನೋ ಒಂದು ದೋಷವಿತ್ತು, ಇಂದು ನನ್ನ ತಮ್ಮನ ಕೈ, ಇಲ್ಲವೇ ಅವನೇ ಇರುತ್ತಿರಲಿಲ್ಲ. ಎರಡರಲ್ಲಿ ಯಾವುದು ನಿಜ? ಪರೀಕ್ಷೆ ಮಾಡಿಸಲು ಇಡಿಯಾದ ತೋಳೇ ಉಳಿದಿಲ್ಲ. ಸೀಳಿದವಳು ನಾನೇ.

ಮತ್ತೆ ಕಾರ್ಖಾನೆಗೆ ಹೋದಾಗ ಮುದ್ರೆ ಎತ್ತಲು ನನ್ನ ಕೈಯಲ್ಲಾಗಲಿಲ್ಲ. ಒಂದೊಂದು ತೋಳನ್ನು ಅರ್ಧ ಅರ್ಧ ಗಂಟೆ ಹಿಡಿದು ಕೂರುತ್ತಿದ್ದೆ. ಬೇರೆ ಯಾವುದೂ ಬೆಚ್ಚಗಿರಲಿಲ್ಲ, ಎಲ್ಲವೂ ತಣ್ಣಗೆ, ಹೇಗಿರಬೇಕೋ ಹಾಗೆ. ಸೂಪರ್‌ವೈಸರ್ ಕರುಣೆಯಿಂದ ಪ್ಯಾಕಿಂಗಿಗೆ ಹಾಕಿದರು. ಕೆಲವು ತಿಂಗಳು ದೂಡಿ ಕೆಲಸ ಬಿಟ್ಟೆ. ಈಗ ಮನೆಯಲ್ಲಿ ಐದು ಹಸು, ಅದೇ ನನ್ನ ಕಾರ್ಖಾನೆ.

ಇಲ್ಲಿಗೆ ನಿಂತಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಮನಸ್ಸಿನ ಭ್ರಮೆ ಎಂದೋ, ತಮ್ಮನ ಮೇಲಿನ ಅತಿ ಕಾಳಜಿ ಎಂದೋ ನನಗೆ ನಾನೇ ಹೇಳಿಕೊಂಡು ಸುಮ್ಮನಾಗುತ್ತಿದ್ದೆ. ಬಹಳ ಮಟ್ಟಿಗೆ ಸುಮ್ಮನಾಗಿಯೂ ಇದ್ದೆ.

ಹೋದ ವರ್ಷ ಮಂಜುವಿನ ಮಗುವಿನ ನಾಮಕರಣಕ್ಕೆ ಮುನಿರಾಜು ಬಂದಿದ್ದ. ಅವನಿಗೆ ಈಗ ಆಫೀಸಿನಲ್ಲೇ ಕೂತು ದೂರಿನ ಫೋನು ಎತ್ತುವ ಕೆಲಸ. ಕರೆಂಟು ಯಾವಾಗ ಬರುತ್ತೆ ಎಂದು ಜನ ಬೈದರೆ, ಬೈಸಿಕೊಂಡು ಸಮಾಧಾನ ಹೇಳಬೇಕು. ಅವನ ಎದುರು ನಿಲ್ಲದ ಹಾಗೆ ಇಷ್ಟು ವರ್ಷ ಹೇಗೋ ತಪ್ಪಿಸಿಕೊಂಡಿದ್ದೆ. ಅಂದು ಆಗಲಿಲ್ಲ. ಮೊದಲಿನ ಹಾಗೇ ಸೀದಾ ಅಡುಗೆಮನೆಗೆ ಬಂದು, ಎಡಗೈಯಲ್ಲಿ ಪಾತ್ರೆಯ ಮುಚ್ಚಳ ಎತ್ತಿ ‘ಏನಕ್ಕಾ, ಪಾಯಸ ನಂಗಿಲ್ವಾ?’ ಎಂದು ಒಲೆಯ ಪಕ್ಕದ ಮಣೆಯ ಮೇಲೆ ಕುಳಿತ. ಅಂಗಿಯ ಬಲತೋಳನ್ನು ಮಡಿಚಿ ಪಿನ್ನು ಹಾಕಿದ್ದ. ಬಟ್ಟಲಿಗೆ ಹಾಕಿಕೊಟ್ಟೆ. ನೋವಿದೆಯೇನೋ ಎಂದು ಕೇಳಿದೆ. ಏನಾದರೂ ಕೇಳಬೇಕಲ್ಲ.

‘ನೋವೇನಿಲ್ಲಕ್ಕಾ. ಒಂದ್ ವಿಚಿತ್ರ ಐತೆ, ಹೇಳಿದ್ರೆ ನೀವು ನಗ್ತೀರ’ ಎಂದ. ‘ಚಳಿಗಾಲ್ದಾಗೆ ಜಾಸ್ತಿ. ಬೆಳಿಗ್ಗೆ ಹನ್ನೊಂದು ಗಂಟೆ ಹೊತ್ತಿಗೆ, ಇಲ್ದೆ ಇರೋ ಕೈ ಬೆಚ್ಚಗಾಗ್ತೈತೆ. ಇರೋ ಕೈ ತಣ್ಣಗೆ, ಇಲ್ದೇ ಇರೋದು ಬೆಚ್ಚಗೆ!’

ಕೈ ಕಾಲು ತೆಗೆದವರಿಗೆ ಹಾಗಾಗುತ್ತದಂತಲ್ಲ ಎಂದೆ. ಎಲ್ಲೋ ಓದಿದ್ದೆ.

‘ಹೂಂ, ಡಾಕ್ಟ್ರೂ ಅದೇ ಹೇಳಿದ್ರು, ನರದ್ದು ಅಂತ. ಬೆಚ್ಚಗಾಗೋದು ಸರಿ ಅಕ್ಕಾ. ಆಮೇಲೆ ಆಗೋದನ್ನ ಡಾಕ್ಟ್ರಿಗೆ ಹೇಳೋಕೆ ನಂಗೆ ನಾಚಿಕೆ ಆಯ್ತು.’ ಬಟ್ಟಲನ್ನು ಕೆಳಗಿಟ್ಟ. ‘ಯಾರೋ ಹೊರಗಡೆಯಿಂದ ಎರಡು ಕೈಯಾಗೂ ಹಿಡ್ಕೊಂಡು, ನಿಧಾನಕ್ಕೆ ಸುತ್ತಿ ಸುತ್ತಿ ನೋಡ್ತಾರೆ. ಮಣಿಕಟ್ಟಿನಿಂದ ಶುರು ಮಾಡಿ ಮ್ಯಾಕೆ ಬರ್ತಾರೆ. ಹೆಂಗಸ್ರ ಕೈ. ಆದ್ರೆ ಬಳೆ ಇಲ್ಲ. ಭುಜದ ಹತ್ರ ಬಂದು ಸುಮ್ಮನೆ ನಿಲ್ತಾರೆ, ಭಾಳ ಹೊತ್ತು. ಆಮೇಲೆ ಅಲ್ಲಿ ಏನೋ ಒತ್ತಿ, ಬಿಟ್ಬಿಡ್ತಾರೆ. ಬಿಡೋದೈತಲ್ಲ ಅಕ್ಕಾ, ಅದೇ ತಡ್ಯೋಕಾಗಲ್ಲ. ಬಿಡಬೇಡ್ರಮ್ಮಾ ಅಂತ ಕೂಗಬೇಕು ಅನ್ಸುತ್ತೆ. ಫೋನ್ ಹಿಡ್ಕೊಂಡು ಹಂಗೇ ಕೂತಿರ್ತೀನಿ, ಆ ಕಡೆ ಜನ ಬೈತಿರ್ತಾರೆ.’

ನಾನು ರಬ್ಬರ್ ಫ್ಯಾಕ್ಟರಿಯಲ್ಲಿದ್ದೆ ಎನ್ನುವುದು ಮುನಿರಾಜುವಿಗೆ ಗೊತ್ತು. ಅಲ್ಲಿ ತೋಳನ್ನು ಹೇಗೆ ಹಿಡಿದು ಹೇಗೆ ನೋಡುತ್ತಿದ್ದೆ ಎನ್ನುವುದು ಮಂಜುವಿಗೇ ಗೊತ್ತಿಲ್ಲ. ಬಳೆ ಬಿಚ್ಚಿಡುತ್ತಿದ್ದದ್ದನ್ನು ಅಮ್ಮನಿಗೂ ಹೇಳಿರಲಿಲ್ಲ, ಮುತ್ತೈದೆ ಬರಿಗೈಲಿರೋದೇ ಎಂದು ರಂಪ ಮಾಡುತ್ತಾಳೆಂದು. ಇವನಿಗೆ ಯಾರು ಹೇಳಿದರು?

‘ಯಾಕಕ್ಕಾ, ಅಳ್ತಿದೀರಾ?’ ಎಂದು ಕೇಳಿದ. ಹೊಗೆ ಎಂದೆ. ಗ್ಯಾಸ್ ಒಲೆಯ ಮುಂದೆ ನಿಂತು ಹೊಗೆ ಎಂದೆ. ಅವನು ಪಾಯಸ ಮುಗಿಸಿ, ಬಟ್ಟಲನ್ನು ತಾನೇ ತೊಳೆದಿಟ್ಟು ಹೋದ.

ಹಾಗಾದರೆ ಆ ಜನವರಿಯ ಬೆಳಿಗ್ಗೆ ನಾನು ಮುಟ್ಟಿದ್ದು ಯಾರನ್ನು? ಮಂಜುವಿನ ಕೈ ಎಂದುಕೊಂಡು ಸೀಳಿದೆನಲ್ಲ. ಇನ್ನೂ ಐದು ತಿಂಗಳು ಗಟ್ಟಿಯಾಗಿ ದೇಹದಲ್ಲಿದ್ದ ಮುನಿರಾಜುವಿನ ಕೈ ನನ್ನ ಮೇಜಿನ ಮೇಲೆ ಹೇಗೆ ಬಂತು? ಮುದ್ರೆ ಒತ್ತಿ ಬಿಟ್ಟದ್ದು ತಪ್ಪೋ, ಕತ್ತರಿ ಹಾಕಿದ್ದು ತಪ್ಪೋ? ಯೋಚಿಸಿದಷ್ಟೂ ತಲೆ ಕೆಡುತ್ತದೆ. ಓದಿದವರು ಯಾರಾದರೂ ಬಿಡಿಸಿ ಹೇಳಿದರೆ ಕೇಳಿಕೊಳ್ಳುತ್ತೇನೆ, ನನಗಂತೂ ತಿಳಿಯದು. ಸೊನೆಯ ಸುಳ್ಳನ್ನು ಮುನಿರಾಜುವಿನೆದುರು ಒಪ್ಪಿಕೊಳ್ಳಬೇಕೆಂದು ಎಷ್ಟೋ ಸಲ ಫೋನು ಎತ್ತಿದ್ದೇನೆ. ದೂರಿನ ನಂಬರೇ ಅವನ ನಂಬರು. ಅವನು ‘ಹಲೋ, ಹೇಳಿ, ಯಾವ ಊರು?’ ಎಂದರೆ ಇಟ್ಟುಬಿಡುತ್ತೇನೆ.

ಈ ಚಳಿಗಾಲದಲ್ಲಿ ಹೊಸದೊಂದು ಅಭ್ಯಾಸವಾಗಿದೆ. ಹಳೆಯ ಚಾಳಿ ಹೋಗಿಲ್ಲ, ಬೆಳಗಿನ ಕೆಲಸ ಮುಗಿದು ಕೈ ಬಿಡುವಾದರೆ ಟವೆಲೋ ಮತ್ತೊಂದೋ ಹಿಡಿದು ಸುರುಳಿ ಸುತ್ತತೊಡಗುತ್ತವೆ. ಎಚ್ಚರವಾಗಿ ಗಡಿಯಾರ ನೋಡಿದರೆ ಹನ್ನೊಂದರ ಆಸುಪಾಸು. ಮೊದಲೆಲ್ಲ ತಟ್ಟನೆ ಬಿಸಾಡಿಬಿಡುತ್ತಿದ್ದೆ. ಈಗ ಬಿಡುವುದಿಲ್ಲ. ಅಂಗಳದಲ್ಲಿ ಟವೆಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಲ್ಲುತ್ತೇನೆ. ‘ಹಾಲು ಉಕ್ತಾ ಇದೆ ಕಣೇ’ ಎಂದು ಯಜಮಾನರು ಒಳಗಿಂದ ಕೂಗಿಕೊಳ್ಳುತ್ತಾರೆ, ಉಕ್ಕಲಿ ಎಂದು ಬಿಡುತ್ತೇನೆ. ಹನ್ನೊಂದೂಕಾಲಾಗುವವರೆಗೆ ಹಿಡಿದೇ ಇರುತ್ತೇನೆ. ಅಲ್ಲಿ ಮುನಿರಾಜುವಿಗೆ ಏನಾದರೂ ವ್ಯತ್ಯಾಸ ತಿಳಿಯುತ್ತಿದೆಯೇ ಎಂದು ಕೇಳಲು ಧೈರ್ಯವಾಗಿಲ್ಲ.